ನಾಯಿಮರಿಗೆ ಮನೆ, ಮನೆಗೆ ಕಾಂಪೌಂಡು

‘ದತ್ತು’ ಎಂಬ ಶಬ್ದವನ್ನು ನಾವು ಈಚಿನ ವರ್ಷಗಳಲ್ಲಿ ಬಹಳ ಧಾರಾಳವಾಗಿ ಬಳಸುತ್ತಿದ್ದೇವೆ. ಊರನ್ನು ದತ್ತು ತೆಗೆದುಕೊಳ್ಳುತ್ತೇವೆ, ಶಾಲೆಯನ್ನು ದತ್ತು ತೆಗೆದುಕೊಳ್ಳುತ್ತೇವೆ, ಕೆರೆಯನ್ನೂ ಬಿಡುವುದಿಲ್ಲ. ಪ್ರಾಣಿಗಳ ವಿಷಯದಲ್ಲಂತೂ ಈ ಒಂದೇ ಶಬ್ದದ ಆಶ್ರಯದಲ್ಲಿ ಪರಸ್ಪರ ನಂಟೇ ಇಲ್ಲದ ಎರಡು ವ್ಯವಹಾರಗಳು ನಡೆದಿವೆ. ಒಂದು, ಹಣ ಕಟ್ಟುವ ದತ್ತು. ಮೈಸೂರು ಮೃಗಾಲಯದ ಹುಲಿಯನ್ನೋ ಜಿರಾಫೆಯನ್ನೋ ದತ್ತು ಪಡೆಯುವುದೆಂದರೆ ಅದರ ಆಹಾರದ ಖರ್ಚನ್ನು ಇಂತಿಷ್ಟು ಕಾಲ ಭರಿಸುವುದು. ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಪುಣ್ಯಕೋಟಿ ದತ್ತು ಯೋಜನೆಯೂ ಇದೇ ಜಾತಿಯದು: ವರ್ಷಕ್ಕೆ 11,000 ರೂಪಾಯಿ ಕೊಟ್ಟರೆ ಗೋಶಾಲೆಯ ಒಂದು ಹಸು ನಿಮ್ಮ ಹೆಸರಿನಲ್ಲಿ ಮೇವು ತಿನ್ನುತ್ತದೆ. ಯೋಜನೆಯ ರಾಯಭಾರಿಯಾದ ನಟ ಸುದೀಪ್ ಜಿಲ್ಲೆಗೊಂದರಂತೆ 31 ಹಸುಗಳನ್ನು ದತ್ತು ಪಡೆಯುವುದಾಗಿ ಪ್ರಕಟಿಸಿದ್ದರು. ಇಲ್ಲಿ ದತ್ತು ಪಡೆದವರು ಸಗಣಿ ಬಾಚಬೇಕಾಗಿಲ್ಲ. ಅವರಿಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಎರಡನೆಯದು, ಪ್ರಾಣಿಯನ್ನು ಮನೆಗೇ ಕರೆತರುವ ದತ್ತು. ಬೆಂಗಳೂರು, ಮೈಸೂರಿನ ಪ್ರಾಣಿರಕ್ಷಣಾ ಸಂಸ್ಥೆಗಳು ಬೀದಿಯಿಂದ, ಚರಂಡಿಯಿಂದ, ಕೆಲವೊಮ್ಮೆ ಮನುಷ್ಯರ ಕ್ರೌರ್ಯದಿಂದ ಬಿಡಿಸಿ ತಂದ ನಾಯಿ ಬೆಕ್ಕುಗಳಿಗೆ ಮನೆ ಹುಡುಕುತ್ತವೆ. ಇದಕ್ಕೆ ಹಣ ಬೇಕಿಲ್ಲ. ಆದರೆ ಪ್ರಶ್ನೆಗಳದೇ ಒಂದು ಪತ್ರಿಕೆ ಇರುತ್ತದೆ, ಅದರಲ್ಲಿ ತೇರ್ಗಡೆಯಾಗುವುದು ಸುಲಭವಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಮೈಸೂರು ಮೃಗಾಲಯಕ್ಕೆ ಯಾರ ಹೆಸರಿದೆಯೋ ಆ ಚಾಮರಾಜೇಂದ್ರ ಒಡೆಯರು ಸ್ವತಃ ದತ್ತುಪುತ್ರರು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಅವರನ್ನು ದತ್ತು ತೆಗೆದುಕೊಂಡರು. ಬ್ರಿಟಿಷ್ ಸರ್ಕಾರ ಅದನ್ನು ಮಾನ್ಯ ಮಾಡಿದ್ದು 1867ರಲ್ಲಿ. ದತ್ತಕದ ಅರ್ಹತೆಯನ್ನು ದೂರದಲ್ಲಿ ಕುಳಿತವರು ಅಳೆಯುವುದು ನಮ್ಮ ಸೀಮೆಗೆ ಹೊಸ ಅನುಭವವಲ್ಲ.

ನಾನು ಬರೆಯಹೊರಟಿರುವುದು ಈ ಎರಡನೆಯ ದತ್ತಿನ ಷರತ್ತುಗಳ ಬಗ್ಗೆ, ಅದರಲ್ಲೂ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಂಥ ಕಡೆ ಅವು ಏನಾಗುತ್ತವೆ ಎಂಬುದರ ಬಗ್ಗೆ. ಷರತ್ತುಗಳು ಕಠಿಣವಾಗಿವೆ ಎಂದು ದೂರುವವರ ಸಾಲಿನಲ್ಲಿ ನಾನಿಲ್ಲ. ಕಾಠಿಣ್ಯ ಇರಬೇಕಾದ ಕಡೆ ಇಲ್ಲ, ಬೇಡದ ಕಡೆ ಇದೆ ಎಂಬುದು ನನ್ನ ತಕರಾರು.

ಎರಡು ವರ್ಷಗಳ ಹಿಂದೆ ನನಗೆ ಬೆಂಗಳೂರಿನಿಂದ ಒಂದು ದೂರವಾಣಿ ಕರೆ ಬಂತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹನೂರು ತಾಲ್ಲೂಕಿನ ರಾಮಾಪುರದ ಕಡೆ ಶಿಕ್ಷಕ. ಊರ ಹೊರಗೆ ಎರಡೂವರೆ ಎಕರೆ ಜಮೀನು, ಅದರಲ್ಲೇ ಮನೆ. ಬೆಂಗಳೂರಿನಲ್ಲಿರುವ ಅವನ ತಂಗಿ ಒಂದು ರಕ್ಷಣಾ ಕೇಂದ್ರದಲ್ಲಿ ಕಂದು ಬಣ್ಣದ ಹೆಣ್ಣು ಮರಿಯನ್ನು ನೋಡಿ ಅಣ್ಣನಿಗೆ ಚಿತ್ರ ಕಳಿಸಿದ್ದಳು. ಅವನ ಮಕ್ಕಳು ಹಟ ಹಿಡಿದರು. ಅವನು ಅರ್ಜಿ ತುಂಬಿದ. ‘ನಿಮ್ಮನ್ನು ಬಲ್ಲ ಇಬ್ಬರ ಹೆಸರು’ ಎಂಬ ಕಡೆ ನನ್ನ ಹೆಸರು ಬರೆದಿದ್ದ. ಅದಕ್ಕಾಗಿ ಈ ಕರೆ.

ಮಾತನಾಡಿದ ಹುಡುಗಿ ವಿನಯವಂತೆ. ‘ಸರ್, ಹತ್ತು ನಿಮಿಷ ತೊಂದರೆ ಕೊಡಬಹುದೇ’ ಎಂದು ಕೇಳಿಯೇ ಆರಂಭಿಸಿದಳು. ಅವರದು ಸ್ವಂತ ಮನೆಯೇ, ಬಾಡಿಗೆಯೇ? ಸುತ್ತ ಕಾಂಪೌಂಡ್ ಗೋಡೆ ಇದೆಯೇ, ಎತ್ತರ ಎಷ್ಟು? ಗೇಟು ಸದಾ ಮುಚ್ಚಿರುತ್ತದೆಯೇ? ನಾಯಿ ಮನೆಯೊಳಗೆ ಮಲಗುತ್ತದೆಯೋ ಹೊರಗೋ? ಹಗಲು ಹೊತ್ತು ಅದರ ಜೊತೆ ಯಾರಿರುತ್ತಾರೆ? ಹಿಂದೆ ಸಾಕಿದ ನಾಯಿಗಳು ಹೇಗೆ ಸತ್ತವು? ಕಾವಲಿಗಾಗಿ ಬೇಕೋ, ಪ್ರೀತಿಗಾಗಿಯೋ? ಈ ಕೊನೆಯ ಪ್ರಶ್ನೆಗೆ ನಾನು ತುಸು ತಡವರಿಸಿ, ನಮ್ಮ ಕಡೆ ಅವೆರಡನ್ನೂ ಬೇರೆ ಮಾಡುವ ರೂಢಿ ಇಲ್ಲಮ್ಮ ಎಂದೆ. ಆಕೆ ನಕ್ಕಳು, ಆದರೆ ಬರೆದುಕೊಂಡದ್ದು ಏನೆಂದು ಮರುವಾರ ತಿಳಿಯಿತು. ಅರ್ಜಿ ತಿರಸ್ಕೃತವಾಗಿತ್ತು. ಮನೆಗೆ ಕಾಂಪೌಂಡ್ ಇಲ್ಲ. ನಾಯಿಯನ್ನು ಕಾವಲಿಗೆ ಬಳಸುವ ಸಂಭವವಿದೆ. ದೂರದ ಊರಾದ್ದರಿಂದ ಮನೆ ಪರಿಶೀಲನೆಗೆ ಬರಲಾಗುವುದಿಲ್ಲ.

ಅವನಿಗೆ ಬೇಸರವಾಯಿತು. ‘ಮೇಷ್ಟ್ರೇ, ಹೆಣ್ಣು ಕೇಳಲು ಹೋದಾಗಲೂ ಇಷ್ಟು ಕೇಳಿರಲಿಲ್ಲ’ ಎಂದ. ಈ ಮಾತು ಕೇಳಿ ನಗುವುದು ಸುಲಭ. ಆದರೆ ಆ ಹುಡುಗಿಯ ಕಡೆಯಿಂದಲೂ ನೋಡಬೇಕು.

ಇಂಥ ಸಂಸ್ಥೆಗಳಲ್ಲಿ ದುಡಿಯುವವರಲ್ಲಿ ಬಹುಮಂದಿ ಸ್ವಯಂಸೇವಕರು. ಕಚೇರಿ ಕೆಲಸ ಮುಗಿಸಿ, ಕೈಯಿಂದ ಹಣ ಹಾಕಿ, ಕಾಲು ಮುರಿದ, ಮೈಯೆಲ್ಲ ಕಜ್ಜಿಯಾದ ಪ್ರಾಣಿಯನ್ನು ತಿಂಗಳುಗಟ್ಟಲೆ ಆರೈಕೆ ಮಾಡಿ, ಮನುಷ್ಯನ ಕೈ ಕಂಡರೆ ನಡುಗದಂತೆ ಮಾಡಿದವರು. ಹಾಗೆ ಉಳಿಸಿಕೊಂಡ ಜೀವವನ್ನು ಯಾರದೋ ಕೈಗಿಡುವಾಗ ಕೇಳದೆ ಕೊಡುವುದು ಹೇಗೆ? ಅವರ ಒಂದೊಂದು ಪ್ರಶ್ನೆಯ ಹಿಂದೆಯೂ ಒಂದೊಂದು ಪೆಟ್ಟು ಇರುತ್ತದೆ. ಬಾಡಿಗೆ ಮನೆಯ ಪ್ರಶ್ನೆ ಹುಟ್ಟಿದ್ದು ಮಾಲೀಕ ಒಪ್ಪಲಿಲ್ಲವೆಂದು ಆರೇ ತಿಂಗಳಿಗೆ ಹಿಂದಿರುಗಿಸಿದ ನಾಯಿಗಳಿಂದ. ಮನೆಮಂದಿಯೆಲ್ಲ ಒಪ್ಪಿದ್ದಾರೆಯೇ ಎಂಬ ಪ್ರಶ್ನೆ ಅತ್ತೆ ಒಲ್ಲೆ ಎಂದ ಮನೆಗಳಿಂದ ಬಂದದ್ದು. ಸಂತಾನಹರಣ ಚಿಕಿತ್ಸೆ ಮಾಡಿಸುತ್ತೇನೆಂದು ಬರೆದುಕೊಡಿ ಎನ್ನುವುದು, ಜಾತಿ ನಾಯಿಯನ್ನು ಪುಕ್ಕಟೆ ಪಡೆದು ಮರಿ ಹಾಕಿಸಿ ಮಾರುವ ದಂಧೆಯವರು ಸಾಕುವವರ ವೇಷದಲ್ಲಿ ಬರುತ್ತಾರೆಂಬ ಕಾರಣಕ್ಕೆ. 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲಿ ಕುಳಿತವರು ಒಂಟಿತನಕ್ಕೆ ನಾಯಿ ತಂದುಕೊಂಡರು. ಕಚೇರಿಗಳು ತೆರೆದ ಮೇಲೆ ಎಷ್ಟೋ ನಾಯಿಗಳು ಬೀದಿ ಕಂಡವು. 2022ರಲ್ಲಿ ‘777 ಚಾರ್ಲಿ’ ನೋಡಿ ಅತ್ತವರಲ್ಲಿ ನಾಯಿ ಸಾಕಬೇಕೆಂದುಕೊಂಡವರು ಎಷ್ಟೋ ಮಂದಿ. ಚಿತ್ರಮಂದಿರದ ಕಣ್ಣೀರು ಹದಿಮೂರು ವರ್ಷ ಬಾಳುವ ಪ್ರಾಣಿಗೆ ಸಾಲುವುದಿಲ್ಲ ಎಂದು ಯಾರಾದರೂ ಹೇಳಬೇಕಲ್ಲ?

ಜಗತ್ತಿನ ಬೇರೆಡೆಯೂ ಈ ಜಗಳ ಹಳೆಯದು. ಅಮೆರಿಕದ ಟಿ.ವಿ. ನಿರೂಪಕಿ ಎಲೆನ್ ಡಿಜೆನೆರಸ್ 2007ರಲ್ಲಿ ಒಂದು ರಕ್ಷಣಾ ಸಂಸ್ಥೆಯಿಂದ ಇಗ್ಗಿ ಎಂಬ ಪುಟ್ಟ ನಾಯಿಯನ್ನು ತಂದರು. ಅದು ಮನೆಯ ಬೆಕ್ಕುಗಳೊಂದಿಗೆ ಹೊಂದಿಕೊಳ್ಳಲಿಲ್ಲವೆಂದು ತಮ್ಮ ಕೇಶವಿನ್ಯಾಸಕಿಯ ಕುಟುಂಬಕ್ಕೆ ಕೊಟ್ಟರು. ಕರಾರಿನ ಪ್ರಕಾರ ಅದನ್ನು ಸಂಸ್ಥೆಗೇ ಹಿಂದಿರುಗಿಸಬೇಕಿತ್ತು. ಸಂಸ್ಥೆ ಆ ಮನೆಯಿಂದ ನಾಯಿಯನ್ನು ವಾಪಸು ಪಡೆಯಿತು. ಹದಿನಾಲ್ಕು ವರ್ಷದೊಳಗಿನ ಮಕ್ಕಳಿರುವ ಮನೆಗೆ ಸಣ್ಣ ನಾಯಿ ಕೊಡುವುದಿಲ್ಲ ಎಂಬ ನಿಯಮವನ್ನೂ ಮುಂದಿಟ್ಟಿತು. ಎಲೆನ್ ತಮ್ಮ ಕಾರ್ಯಕ್ರಮದಲ್ಲೇ ಅತ್ತರು. ನಿಯಮ ಸರಿ, ಆ ಮನೆಯೂ ಸರಿ, ನಾಯಿ ಮಾತ್ರ ನಡುವೆ ಸಿಕ್ಕಿಕೊಂಡಿತು. ಪ್ರಶ್ನಾವಳಿ ಎಂಬುದು ಮನೆಯನ್ನು ನೋಡುವುದಿಲ್ಲ, ಮನೆಗಳ ಸರಾಸರಿಯನ್ನು ನೋಡುತ್ತದೆ. ಸರಾಸರಿಯ ಹೊರಗಿರುವವರು ಅನುತ್ತೀರ್ಣರು.

ನಮ್ಮ ಮೂರು ತಾಲ್ಲೂಕುಗಳ ಮನೆಗಳು ಸರಾಸರಿಯ ಹೊರಗೆಂದರೆ ಪೂರಾ ಹೊರಗೆ. ಕೊಳ್ಳೇಗಾಲದ ರೇಷ್ಮೆ ನೇಕಾರರ ಬೀದಿಗೆ ಬಂದು ನೋಡಿ. ಒಂದಕ್ಕೊಂದು ಅಂಟಿದ ಮನೆಗಳು, ನಡುಮನೆಯ ಅರ್ಧ ಭಾಗ ಮಗ್ಗಕ್ಕೇ ಹೋಗಿರುತ್ತದೆ, ಮಿಕ್ಕದ್ದರಲ್ಲಿ ಸಂಸಾರ. ಕಾಂಪೌಂಡಿನ ಮಾತಿರಲಿ, ಜಗಲಿಯೇ ಬೀದಿ. ಆದರೆ ಮನೆಯಲ್ಲಿ ಹಗಲೆಲ್ಲ ಜನ ಇರುತ್ತಾರೆ. ಇಬ್ಬರೂ ಕಚೇರಿಗೆ ಹೋಗುವ ಬೆಂಗಳೂರಿನ ಮೂರು ಕೋಣೆಗಳ ಫ್ಲ್ಯಾಟಿನಲ್ಲಿ ನಾಯಿಗೆ ಸಿಗದ ಸಹವಾಸ ಅಲ್ಲಿ ಮಗ್ಗದ ಪಕ್ಕದಲ್ಲೇ ಸಿಗುತ್ತದೆ. ಹನೂರಿನ ಜಮೀನಿನ ಮನೆಗೆ ಬೇಲಿ ಎಂದರೆ ಕಳ್ಳಿ, ಲಂಟಾನ, ಒಂದಿಷ್ಟು ತಂತಿ. ಒಡೆಯರಪಾಳ್ಯದಲ್ಲಿ 1970ರ ದಶಕದಲ್ಲಿ ನೆಲೆಯಾದ ಟಿಬೆಟನ್ ನಿರಾಶ್ರಿತರ ಶಿಬಿರವಿದೆ. ಕಸಾಯಿಗೆ ಹೋಗುವ ಪ್ರಾಣಿಯನ್ನು ಹಣ ಕೊಟ್ಟು ಬಿಡಿಸಿ ಅದರ ಆಯುಸ್ಸು ಮುಗಿಯುವವರೆಗೆ ಬದುಕಲು ಬಿಡುವುದು ಟಿಬೆಟನ್ ಬೌದ್ಧರ ಹಳೆಯ ಆಚಾರ. ಗೋಡೆಯ ಎತ್ತರ ಕೇಳುವ ಅರ್ಜಿಯಲ್ಲಿ ಇಂಥದ್ದನ್ನು ಬರೆಯಲು ಜಾಗವಿರುವುದಿಲ್ಲ.

ಇನ್ನು, ನಾಯಿ ಒಳಗೆ ಮಲಗುತ್ತದೆಯೇ ಎಂಬ ಪ್ರಶ್ನೆ. ಬೆಂಗಳೂರಿನಲ್ಲಿ ಇದನ್ನು ಕೇಳುವುದು ಮಮತೆಯಿಂದ: ನಾಯಿಯನ್ನು ಮನೆಯ ಸದಸ್ಯನಂತೆ ಕಾಣುತ್ತೀರಾ ಎಂಬ ಅರ್ಥದಲ್ಲಿ. ನಮ್ಮಲ್ಲಿ ಇದು ಮಮತೆಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಒಂದು ಕಡೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ 2013ರಲ್ಲಿ ವನ್ಯಧಾಮವಾದ ಮಲೆ ಮಹದೇಶ್ವರ ಬೆಟ್ಟ, ಉತ್ತರಕ್ಕೆ ಕಾವೇರಿ ವನ್ಯಧಾಮ. ಈ ಕಾಡುಗಳ ಅಂಚಿನ ಹಳ್ಳಿಯಲ್ಲಿ ರಾತ್ರಿ ಹೊರಗೆ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಎಲೆ. ಸರಪಳಿ ಮಾತ್ರ ಉಳಿದ ಬೆಳಗುಗಳನ್ನು ಇಲ್ಲಿನ ಯಾವ ಹಳ್ಳಿಯವರಾದರೂ ಹೇಳಿಯಾರು. ನಾಯಿಯ ಆಸೆಗೆ ಊರ ಹತ್ತಿರ ಬರುವ ಚಿರತೆಯಿಂದ ಮನುಷ್ಯರಿಗೂ ಅಪಾಯ ತಪ್ಪಿದ್ದಲ್ಲ. ಯಳಂದೂರು ತಾಲ್ಲೂಕಿನಲ್ಲಿ 2023ರಲ್ಲಿ ಪುಟ್ಟ ಹುಡುಗಿಯೊಬ್ಬಳು ಚಿರತೆ ದಾಳಿಗೆ ಸಿಕ್ಕಿ ಪ್ರಾಣ ಬಿಟ್ಟಳು. ಆದ್ದರಿಂದ ರಾತ್ರಿ ನಾಯಿಯನ್ನು ಒಳಗೆ ಕೂಡಬೇಕು ಎಂಬ ಷರತ್ತು ಬೆಂಗಳೂರಿಗಿಂತ ರಾಮಾಪುರಕ್ಕೇ ಹೆಚ್ಚು ಸಲ್ಲುತ್ತದೆ, ಮತ್ತು ಅಲ್ಲಿ ಅದನ್ನು ಎಷ್ಟು ಕಟ್ಟುನಿಟ್ಟು ಮಾಡಿದರೂ ಸರಿಯೇ. ಚಿರತೆಗೆ ನಾಲ್ಕಡಿ, ಐದಡಿ ಕಾಂಪೌಂಡು ಲೆಕ್ಕಕ್ಕಿಲ್ಲ. ಗೋಡೆಯನ್ನು ಕೇಳಿದವರು ಚಿರತೆಯನ್ನು ಕೇಳಲಿಲ್ಲ.

ನನ್ನ ವಿದ್ಯಾರ್ಥಿ ಆಮೇಲೆ ರಾಮಾಪುರದಲ್ಲೇ ಒಂದು ಅಂಗಡಿಯ ಹಿಂದೆ ಹುಟ್ಟಿದ ಮರಿಯನ್ನು ತಂದುಕೊಂಡ. ಯಾರೂ ಅವನನ್ನು ಏನೂ ಕೇಳಲಿಲ್ಲ. ಅದು ಹಗಲೆಲ್ಲ ಮುಸುಕಿನ ಜೋಳದ ಹೊಲದಲ್ಲಿ ಹಂದಿಗಳ ಜಾಡು ಹಿಡಿದು ಬೊಗಳುತ್ತದೆ. ರಾತ್ರಿ ಎಂಟಕ್ಕೆ ಅವನ ಹೆಂಡತಿ ಅದನ್ನು ಉಗ್ರಾಣದ ಕೋಣೆಗೆ ಸೇರಿಸಿ ಅಗುಳಿ ಹಾಕುತ್ತಾಳೆ. ಕಾವಲೂ ಆಯಿತು, ಪ್ರೀತಿಯೂ ಆಯಿತು.

ಆದರೆ ‘ಯಾರೂ ಏನೂ ಕೇಳಲಿಲ್ಲ’ ಎಂಬುದನ್ನು ನಾನು ಮೆಚ್ಚಿಗೆಯಿಂದ ಹೇಳುತ್ತಿಲ್ಲ. ಕೇಳಬೇಕಾದದ್ದು ಬಹಳವಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನ ರೇಬೀಸ್ ಸಾವುಗಳಲ್ಲಿ ಶೇ 36ರಷ್ಟು ಭಾರತದಲ್ಲೇ ಸಂಭವಿಸುತ್ತವೆ. ಊರ ನಾಯಿಗೆ ಲಸಿಕೆ ಹಾಕಿಸಬೇಕೆಂಬುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಅಭ್ಯಾಸವಾಗಿಲ್ಲ. ಹಸುವಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಲು ಓಡುವವರೇ ನಾಯಿಯ ವಿಷಯಕ್ಕೆ ಬಂದರೆ ‘ಅದಕ್ಯಾಕೆ ಸ್ವಾಮಿ’ ಎನ್ನುತ್ತಾರೆ. ಕಾಡಂಚಿನಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ನಾಯಿಗಳಿಗೆ ತಗಲುವ ಡಿಸ್ಟೆಂಪರ್ ಎಂಬ ವೈರಾಣು ರೋಗ ಹುಲಿ, ಚಿರತೆ, ಕಾಡುನಾಯಿಗಳಿಗೂ ಹರಡಬಲ್ಲದು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಈ ವೈರಾಣು ಪತ್ತೆಯಾಗಿತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ ನಾಯಿ ಇದೆ, ಇರಲೇಬೇಕು. ಆನೆ, ಹಂದಿ, ಕರಡಿ ಬಂದುದನ್ನು ಮೊದಲು ತಿಳಿಸುವುದೇ ಅದು. ಅಂಥ ಕಡೆ ಲಸಿಕೆ ಇಲ್ಲದ, ಸಂತಾನಹರಣವಾಗದ ನಾಯಿಯನ್ನು ಕೊಡುವುದೆಂದರೆ ಊರಿಗೂ ಕಾಡಿಗೂ ಅನ್ಯಾಯ ಮಾಡಿದಂತೆ. ಈ ಎರಡು ಷರತ್ತುಗಳಲ್ಲಿ ಕೂದಲೆಳೆಯಷ್ಟು ರಿಯಾಯಿತಿಯೂ ಕೂಡದು.

ಕೇಳಿ ಕೊಡುವುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ನಮ್ಮ ಕಡೆ ಕರುವನ್ನೋ ಆಡನ್ನೋ ಪಾಲಿಗೆ ಕೊಡುವ ಪದ್ಧತಿ ಇತ್ತು, ಈಗಲೂ ಅಲ್ಲಲ್ಲಿ ಇದೆ. ಸಾಕಲು ಶಕ್ತಿಯಿಲ್ಲದವರು ಪ್ರಾಣಿಯನ್ನು ಸಾಕಬಲ್ಲವರ ಮನೆಗೆ ಬಿಡುತ್ತಾರೆ. ಹುಟ್ಟುವ ಮರಿಗಳಲ್ಲಿ ಇಬ್ಬರಿಗೂ ಪಾಲು. ಹಾಗೆ ಬಿಡುವ ಮುನ್ನ ಆ ಮನೆಯ ಹೆಂಗಸರ ಕೈಗುಣ, ಹಿತ್ತಲಿನ ನೀರು, ಹಿಂದಿನ ದನ ಏನಾಯಿತು ಎಂಬುದೆಲ್ಲ ವಿಚಾರಣೆಗೆ ಬರುತ್ತಿತ್ತು. ಹೊಳೆಯಾಚೆಯ ಮುಡುಕುತೊರೆ ಜಾತ್ರೆಯಲ್ಲಿ ಎತ್ತಿನ ಜೋಡಿ ಮಾರುವ ರೈತ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಮೊದಲೇ ಕೊಳ್ಳುವವನ ಊರು, ಜಮೀನು, ಮನೆತನ ಎಲ್ಲ ಕೇಳಿರುತ್ತಾನೆ. ನಮ್ಮ ಅಜ್ಜಿ ಹಸು ಮಾರಿದ ಮೇಲೆ ಆರು ತಿಂಗಳು ಬಿಟ್ಟು ಯಾವುದೋ ನೆಪ ಮಾಡಿಕೊಂಡು ಆ ಊರಿಗೆ ಹೋಗಿ ಹಸುವನ್ನು ನೋಡಿ ಬರುತ್ತಿದ್ದರು. ಇಂದಿನ ಸಂಸ್ಥೆಗಳು ‘ದತ್ತೋತ್ತರ ಭೇಟಿ’ ಎನ್ನುವುದು ಇದನ್ನೇ. ವ್ಯತ್ಯಾಸವೆಂದರೆ ಅಜ್ಜಿಗೆ ಯಾವ ಊರಲ್ಲಿ ಏನು ನೋಡಬೇಕೆಂದು ಗೊತ್ತಿತ್ತು. ಹಸುವಿನ ಬೆನ್ನು ಸವರಿ, ಗೊಂತಿನ ನೆಲ ನೋಡಿ, ಏನೂ ಹೇಳದೆ ಮಜ್ಜಿಗೆ ಕುಡಿದು ಎದ್ದು ಬರುತ್ತಿದ್ದರು.

ಹಸುವಿನ ಮಾತು ಬಂದದ್ದರಿಂದ ಮೊದಲು ಹೇಳಿದ ಹಣದ ದತ್ತಿಗೆ ಒಂದು ಕ್ಷಣ ಮರಳಬೇಕು. ನಾಯಿಯ ವಿಷಯದಲ್ಲಿ ಹಳ್ಳಿಯ ಮನೆ ಅರ್ಹತೆ ಪಡೆಯುವುದಿಲ್ಲ. ಹಸುವಿನ ವಿಷಯದಲ್ಲಿ ಅದಕ್ಕಿಂತ ವಿಚಿತ್ರವಾದದ್ದು ನಡೆಯುತ್ತದೆ. 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ಮುದಿ ದನಗಳನ್ನು ಏನು ಮಾಡಬೇಕೆಂಬ ಚಿಂತೆ ಸಣ್ಣ ರೈತನ ಹೆಗಲೇರಿದೆ. ಸಾಗಾಟದಲ್ಲಿ ವಶಪಡಿಸಿಕೊಂಡ ಜಾನುವಾರುಗಳು ಗೋಶಾಲೆ ಸೇರುತ್ತವೆ. ಆರೋಪ ಸಾಬೀತಾದರೆ ಅವುಗಳನ್ನು ಗೋಶಾಲೆಯ ಸುಪರ್ದಿಗೇ ಬಿಟ್ಟು ಸೂಕ್ತ ದತ್ತು ಇಲ್ಲವೇ ಬೇರೆ ವಿಲೇವಾರಿ ಮಾಡಬೇಕೆಂದು 2017ರ ಕೇಂದ್ರ ನಿಯಮಗಳು ಹೇಳುತ್ತವೆ. ಆದರೆ ನಮ್ಮ ಯೋಜನೆಯಲ್ಲಿ ದತ್ತು ಎಂದರೆ ದೂರದಿಂದ ಹಣ ಕಳಿಸುವುದು ಎಂದಾಗಿದೆ. ಆ 11,000 ರೂಪಾಯಿಯನ್ನು ದಿನಕ್ಕೆ ಹಂಚಿದರೆ ಮೂವತ್ತು ರೂಪಾಯಿ. ಹನೂರು ತಾಲ್ಲೂಕಿನ ದೊಡ್ಡಿಗಳಲ್ಲಿ ನಾಲ್ಕಾರು ದನ ಕಟ್ಟಿಕೊಂಡು, ಅವುಗಳ ಸಗಣಿಯೇ ಆದಾಯವಾಗಿ ಬದುಕುವವನಿಗೆ ದಿನಕ್ಕೆ ಮೂವತ್ತು ರೂಪಾಯಿ ಮೇವಿನ ಆಸರೆ ಸಿಕ್ಕಿದ್ದರೆ? ಅವನು ಯಾವ ದತ್ತು ಯೋಜನೆಯ ಫಲಾನುಭವಿಯೂ ಅಲ್ಲ, ಏಕೆಂದರೆ ಅವನ ಹಸು ಇನ್ನೂ ಅನಾಥವಾಗಿಲ್ಲ.

ಹಾಗೆ ಅನಾಥವಾಗುವ ಮೊದಲೇ ನೆರವಾದ ಉದಾಹರಣೆ ನಮ್ಮಲ್ಲೇ ಇದೆ. 2017ರ ಬರದಲ್ಲಿ ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನ ಜಾನುವಾರುಗಳು ಮೇವಿಲ್ಲದೆ ಸಾಯತೊಡಗಿದಾಗ ಸರ್ಕಾರ ಗೋಶಾಲೆ ತೆರೆಯಿತು, ಹೊಸನಗರದ ರಾಮಚಂದ್ರಾಪುರ ಮಠ ಮೇವು ಒದಗಿಸಿತು. ಅಲ್ಲಿ ಹಸುವನ್ನು ಉಳಿಸುವುದಕ್ಕಾಗಿ ಸಾಕಿದವನಿಂದ ಅದನ್ನು ಬಿಡಿಸಲಿಲ್ಲ. ಮಳೆ ಬಿದ್ದ ಮೇಲೆ ಅವರವರ ದನ ಅವರವರ ಹಟ್ಟಿಗೆ ಮರಳಿದವು. ಇದರ ವಿರುದ್ಧ ತುದಿಯನ್ನೂ ನಾವು ಕಂಡಿದ್ದೇವೆ. 2025ರ ಜೂನ್‌ನಲ್ಲಿ ಅದೇ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತುಬಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಆ ಕೃತ್ಯವನ್ನು ಸಮರ್ಥಿಸಲು ಸಾಧ್ಯವೇ ಇಲ್ಲ. ಅದರ ಬೆನ್ನಿಗೇ, ಜುಲೈನಲ್ಲಿ, ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯಲು ಅರಣ್ಯ ಸಚಿವರು ಸೂಚಿಸಿದರು. ಮೇಯಲು ಕಾಡಿಲ್ಲದ ಆ ದನಗಳು ನಾಳೆ ಗೋಶಾಲೆಯ ಬಾಗಿಲಿಗೆ ಬಂದರೆ, ಅವುಗಳನ್ನು ಹೇಗೆ ಸಾಕಬೇಕೆಂದು ಬಲ್ಲವನು ಮಾತ್ರ ಬಾಗಿಲ ಹೊರಗೆ ನಿಂತಿರುತ್ತಾನೆ.

ನಾಯಿಗಳ ವಿಷಯ ಈಗ ಬೆಂಗಳೂರಿನ ಸ್ವಯಂಸೇವಕರದ್ದಷ್ಟೇ ಆಗಿ ಉಳಿದಿಲ್ಲ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಬೀದಿನಾಯಿಗಳ ಪ್ರಕರಣದಲ್ಲಿ, ಪ್ರಾಣಿಪ್ರಿಯರು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಿ ನಾಯಿಗಳನ್ನು ದತ್ತು ಪಡೆಯಬಹುದು, ಆದರೆ ಅವು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದೇ ಎಂದಿತು. ನವೆಂಬರ್ 7ರಂದು ಇನ್ನೂ ಮುಂದೆ ಹೋಗಿ, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳ ಆವರಣದಿಂದ ನಾಯಿಗಳನ್ನು ಹಿಡಿದು, ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿ ಆಶ್ರಯತಾಣದಲ್ಲಿಡಬೇಕು, ಹಿಡಿದ ಜಾಗಕ್ಕೆ ಮತ್ತೆ ಬಿಡಕೂಡದು ಎಂದು ಆದೇಶಿಸಿತು. ಅದುವರೆಗಿನ ನಿಯಮ ಚಿಕಿತ್ಸೆ ಮಾಡಿ ಹಿಡಿದ ಜಾಗದಲ್ಲೇ ಬಿಡುವುದಾಗಿತ್ತು. ಈ ಆದೇಶದ ಯುಕ್ತಾಯುಕ್ತತೆ ಬೇರೆ ಚರ್ಚೆ. ಅದನ್ನು ಪಾಲಿಸಬೇಕಾದವರಲ್ಲಿ ಬೆಂಗಳೂರಿನಂಥ ಮಹಾನಗರಗಳ ಆಡಳಿತದ ಜೊತೆಗೆ ಕೊಳ್ಳೇಗಾಲದ ನಗರಸಭೆ, ಹನೂರು, ಯಳಂದೂರಿನ ಪಟ್ಟಣ ಪಂಚಾಯಿತಿಗಳೂ ಸೇರುತ್ತವೆ. ಪೌರಕಾರ್ಮಿಕರ ಸಂಬಳಕ್ಕೆ, ಕುಡಿಯುವ ನೀರಿಗೆ ಏಗುವ ಈ ಸಂಸ್ಥೆಗಳು ನಾಯಿಗಳಿಗೆ ಹತ್ತು ಹದಿಮೂರು ವರ್ಷ ಅನ್ನ ಹಾಕುತ್ತವೆಂದು ನಂಬುವುದು ಕಷ್ಟ. ಆಶ್ರಯತಾಣ ಎಂಬುದಕ್ಕೆ ಒಳಬರುವ ಬಾಗಿಲಿದ್ದಂತೆ ಹೊರಹೋಗುವ ಬಾಗಿಲೂ ಬೇಕು. ಆ ಬಾಗಿಲು ಎಂದರೆ ಜನರ ಮನೆ.

ಹಾಗಾಗಿ, ಯಾರ ಮನೆ ತಕ್ಕದ್ದು ಎಂಬುದನ್ನು ನಿರ್ಧರಿಸುವ ಹಾಳೆಯನ್ನು ಯಾರು ಬರೆಯುತ್ತಾರೆ ಎಂಬುದು ಮುಖ್ಯ. ಪ್ರಾಣಿ ಕಲ್ಯಾಣ ಮಂಡಳಿ 2022ರಲ್ಲೇ ಬೀದಿ ಪ್ರಾಣಿಗಳ ದತ್ತಿಗೆ ಒಂದು ಮಾದರಿ ವಿಧಾನವನ್ನು ಹೊರಡಿಸಿದೆ. ಅದನ್ನು ನಮ್ಮ ತಾಲ್ಲೂಕಿಗೆ ಒಗ್ಗಿಸಿಕೊಳ್ಳುವ ಬದಲು ಬೆಂಗಳೂರಿನ ಯಾವುದೋ ಸಂಸ್ಥೆಯ ಅರ್ಜಿಯನ್ನು ತಂದು ಅಂಟಿಸಿದರೆ ನಮ್ಮವರಲ್ಲಿ ಒಬ್ಬರೂ ಪಾಸಾಗುವುದಿಲ್ಲ. ಏಕೆಂದರೆ, ನನ್ನ ವಿದ್ಯಾರ್ಥಿ ತುಂಬಿದ ಆ ಅರ್ಜಿ ಪೂರ್ತಿ ಇಂಗ್ಲಿಷಿನಲ್ಲಿತ್ತು, ಮೊಬೈಲಿನಲ್ಲೇ ತುಂಬಬೇಕಿತ್ತು. ಅವನು ಶಿಕ್ಷಕ, ತುಂಬಿದ. ಅವನ ಪಕ್ಕದ ಹೊಲದವನು? ಅರ್ಜಿ ತುಂಬಲಾರದವನು ನಾಯಿ ಸಾಕಲಾರ ಎಂಬ ತರ್ಕ ಎಲ್ಲೂ ಬರೆದಿಲ್ಲ, ಆದರೆ ಜಾರಿಯಲ್ಲಿದೆ. ಇನ್ನೊಂದು ಕಡೆ, ಅಧಿಕಾರಿಗಳಿಗೆ ಸಹಜವಾದ ಅಡ್ಡದಾರಿಯೂ ಇದೆ: ತಾಣ ತುಂಬಿತೆಂದು ಕೇಳಿದವರಿಗೆಲ್ಲ ಕೊಟ್ಟು ಕೈತೊಳೆದುಕೊಳ್ಳುವುದು. ಆಗ ನಾಯಿ ಮೂರು ತಿಂಗಳಲ್ಲಿ ಮತ್ತೆ ಬಸ್ ನಿಲ್ದಾಣದಲ್ಲಿರುತ್ತದೆ, ಇಲ್ಲವೇ ಚಿರತೆಯ ಹೊಟ್ಟೆಯಲ್ಲಿ.

ಮನೆ ನೋಡಲು ದೂರ ಎನ್ನುವ ನೆಪವನ್ನಂತೂ ನಾನು ಒಪ್ಪಲಾರೆ. ಬೆಂಗಳೂರಿನಿಂದ ರಾಮಾಪುರ ದೂರ ಇರಬಹುದು, ರಾಮಾಪುರದಿಂದ ರಾಮಾಪುರ ದೂರವಿಲ್ಲ. ಹಳ್ಳಿಗಳಲ್ಲಿ ಈಗ ಸ್ವಸಹಾಯ ಸಂಘಗಳಿಂದ ಆರಿಸಿ ತರಬೇತಿ ಕೊಟ್ಟ ಪಶುಸಖಿಯರಿದ್ದಾರೆ. ಯಾರ ಮನೆಯಲ್ಲಿ ಎಷ್ಟು ಕುರಿ, ಯಾವ ಹಸು ಬಸಿರು ಎಂಬುದು ಅವರ ನಾಲಿಗೆ ತುದಿಯಲ್ಲಿರುತ್ತದೆ. ನಾಯಿ ಕೇಳಿದವನು ಕುಡಿದು ಬಂದು ದನಕ್ಕೆ ಹೊಡೆಯುವವನೋ ಅಲ್ಲವೋ ಎಂಬುದು ಯಾವ ಅರ್ಜಿಯಲ್ಲೂ ತಿಳಿಯುವುದಿಲ್ಲ, ಪಶುಸಖಿಗೆ ತಿಳಿದಿರುತ್ತದೆ. ಈ ಕೆಲಸಕ್ಕೆ ಅವರಿಗೆ ಗೌರವಧನ ಕೊಡಬೇಕಾದೀತು, ಕೊಡಲಿ. ಬೆಂಗಳೂರಿನ ಸಂಸ್ಥೆಗಳಿಗೂ ನಮ್ಮ ಕಡೆಯ ಅರ್ಜಿ ಬಂದಾಗ ಇವರ ಮೂಲಕ ವಿಚಾರಿಸುವ ದಾರಿ ತೆರೆದೀತು. ನಗರದ ತಾಣಗಳಲ್ಲಿ ವರ್ಷಗಟ್ಟಲೆ ಕಂಬಿಯ ಹಿಂದೆಯೇ ಕುಳಿತಿರುವ ದೊಡ್ಡ ನಾಡನಾಯಿಗಳಿಗೆ, ಫ್ಲ್ಯಾಟಿನವರು ಯಾರೂ ಒಪ್ಪದ ಆ ಕಪ್ಪು, ಕಂದು ನಾಯಿಗಳಿಗೆ, ಓಡಲು ಎರಡೂವರೆ ಎಕರೆ ಸಿಗುವುದು ಸಣ್ಣ ಮಾತಲ್ಲ.

ಇದನ್ನೆಲ್ಲ ಮಾತಿನಲ್ಲೇ ಹೇಳಿ ಬಿಡಬಾರದೆಂದು ನಾವು ಮೂರು ನಾಲ್ಕು ಮಂದಿ ಕೊಳ್ಳೇಗಾಲದಲ್ಲಿ ಕುಳಿತು ಒಂದೇ ಪುಟದ ಅರ್ಜಿಯೊಂದನ್ನು ಕನ್ನಡದಲ್ಲಿ ಬರೆದೆವು. ನಿವೃತ್ತ ಪಶುವೈದ್ಯರೊಬ್ಬರು ಜೊತೆಗಿದ್ದರು. ಕಾಂಪೌಂಡನ್ನು ಅವರೇ ಹೊಡೆದುಹಾಕಿದರು. ರಾತ್ರಿ ನಾಯಿಯನ್ನು ಎಲ್ಲಿ ಕೂಡುತ್ತೀರಿ, ಆ ಜಾಗ ತೋರಿಸಿ ಎಂಬುದು ಮೊದಲ ಪ್ರಶ್ನೆಯಾಯಿತು. ಲಸಿಕೆಯ ತಾರೀಖಿಗೆ, ಶಸ್ತ್ರಚಿಕಿತ್ಸೆಯ ತಾರೀಖಿಗೆ ಪಶು ಆಸ್ಪತ್ರೆಯ ಮೊಹರು ಬೇಕೆಂದಾಯಿತು. ಹಗಲು ಕಟ್ಟಿಹಾಕುವುದಾದರೆ ಹಗ್ಗ ಎಷ್ಟು ಮಾರು, ನೆರಳು ಎಲ್ಲಿ, ನೀರು ಎಲ್ಲಿ ಎಂಬುದು ಸೇರಿತು. ಕೂಲಿಗೆಂದು ಕುಟುಂಬವೆಲ್ಲ ತಿಂಗಳುಗಟ್ಟಲೆ ಊರು ಬಿಡುವುದುಂಟೇ, ಆಗ ನಾಯಿ ಯಾರ ಬಳಿ ಎಂಬುದನ್ನು ಹನೂರು ಕಡೆಯವರೊಬ್ಬರು ನೆನಪಿಸಿದರು. ಅಲ್ಲಿ ಅದು ಪ್ರತಿ ಬೇಸಿಗೆಯ ಸಂಗತಿ. ಕೊನೆಯ ಸಾಲನ್ನು ವೈದ್ಯರು ತಮ್ಮ ಕೈಯಲ್ಲೇ ಬರೆದರು: ಸಾಕಲು ಆಗದೆ ಹೋದರೆ ಬೀದಿಗೆ ಬಿಡಬೇಡಿ, ನಾಚಿಕೆಪಡದೆ ಈ ಸಂಖ್ಯೆಗೆ ಕರೆ ಮಾಡಿ, ನಾವೇ ಬಂದು ಕರೆದುಕೊಂಡು ಹೋಗುತ್ತೇವೆ.

ಹಾಳೆಯನ್ನು ಹತ್ತು ಪ್ರತಿ ಮಾಡಿಸಿ ಪಶು ಆಸ್ಪತ್ರೆಗೂ ನಗರಸಭೆ, ಪಟ್ಟಣ ಪಂಚಾಯಿತಿ ಕಚೇರಿಗಳಿಗೂ ಕೊಟ್ಟಿದ್ದೇವೆ. ಎಲ್ಲರೂ ಚೆನ್ನಾಗಿದೆ ಎಂದಿದ್ದಾರೆ. ‘ಈ ಸಂಖ್ಯೆಗೆ’ ಎಂಬುದರ ಮುಂದಿನ ಜಾಗ ಸದ್ಯಕ್ಕೆ ಖಾಲಿ ಇದೆ.